ಹೊಸ ಕೆಲಸಕ್ಕೆ ಪೋಸ್ಟ್‌ಗ್ರೆಸ್ಸೇ ಆಗಬೇಕೆ?

ಪರ: ತಪ್ಪು ಲೆಕ್ಕವನ್ನು ಬಾಗಿಲಲ್ಲೇ ತಡೆಯಲಿ

ಪತ್ತಿನ ಸಹಕಾರ ಸಂಘವೊಂದರ ಸಾಲದ ಟೇಬಲ್ ಎಂದಿಟ್ಟುಕೊಳ್ಳಿ. ಬಾಕಿ ಸೊನ್ನೆಗಿಂತ ಕೆಳಗಿಳಿಯಕೂಡದು ಎಂದು ಟೇಬಲ್ ಕಟ್ಟುವಾಗಲೇ ಚೆಕ್ ಷರತ್ತು ಬರೆದಿದ್ದೀರಿ. ಪೋಸ್ಟ್‌ಗ್ರೆಸ್ ಆದರೆ ಮೈನಸ್ ಐನೂರು ಬಂದ ಕೂಡಲೇ ಎರರ್ ಕೊಟ್ಟು ವಾಪಸ್ ಕಳಿಸುತ್ತದೆ. ಮೈಎಸ್‌ಕ್ಯೂಎಲ್ ಏನು ಮಾಡುತ್ತಿತ್ತು ಗೊತ್ತೆ? ಷರತ್ತನ್ನು ತುಟಿಪಿಟಿಕ್ಕೆನ್ನದೆ ಓದಿಕೊಂಡು ಅಷ್ಟೇ ತಣ್ಣಗೆ ಮರೆತುಬಿಡುತ್ತಿತ್ತು. ಮೈನಸ್ ಐನೂರು ಸಲೀಸಾಗಿ ಒಳಗೆ! 1995ರಲ್ಲಿ ಹುಟ್ಟಿದ ಡೇಟಾಬೇಸು ಷರತ್ತನ್ನು ಪಾಲಿಸಲು ಕಲಿತದ್ದು 2019ರಲ್ಲಿ, 8.0.16 ಬಂದ ಮೇಲೆ.

ತಾರೀಖಿನ ಕಥೆಯೂ ಇಷ್ಟೇ. ಸ್ಟ್ರಿಕ್ಟ್ ಮೋಡ್ ಇಲ್ಲದ ಹಳೆಯ ಸರ್ವರಿಗೆ ಫೆಬ್ರವರಿ 30 ಎಂದು ಕೊಟ್ಟರೆ ಸೊನ್ನೆ ವರ್ಷದ ಸೊನ್ನೆ ತಿಂಗಳ ಸೊನ್ನೆ ದಿನ ಎಂದು ಬರೆದುಕೊಂಡು, ಯಾರೂ ಓದದ ವಾರ್ನಿಂಗ್ ಒಂದನ್ನು ಎಸೆದು ಸುಮ್ಮನಾಗುತ್ತಿತ್ತು. ಅದು ಯಾವ ಪಂಚಾಂಗದ ದಿನವೋ! ‘ಅದೆಲ್ಲ ಹಳೇ ಮಾತು, ಈಗ ಸರಿಹೋಗಿದೆ’ ಎನ್ನುತ್ತಾರೆ. ಹೋಗಿರಬಹುದು. ಅಂದು ಒಳಗೆ ಸೇರಿದ ಲೆಕ್ಕ ಇನ್ನೂ ಒಳಗೇ ಕೂತಿದೆಯಲ್ಲ?

ಇವತ್ತಿಗೂ ಸರಿಹೋಗದ್ದೊಂದಿದೆ. ಶನಿವಾರ ರಾತ್ರಿ ಹೊಸ ರಿಲೀಸು, ಟೇಬಲ್‌ಗಳಲ್ಲಿ ಐದು ಬದಲಾವಣೆ ಆಗಬೇಕು, ನಾಲ್ಕನೆಯದು ಕೈಕೊಟ್ಟಿತು. ಪೋಸ್ಟ್‌ಗ್ರೆಸ್‌ನಲ್ಲಿ ಐದನ್ನೂ ಒಂದೇ ಟ್ರಾನ್ಸಾಕ್ಷನ್ನಿನೊಳಗೆ ಹಾಕಿದ್ದರೆ ಎಲ್ಲವೂ ಮೊದಲಿದ್ದ ಹಾಗೆ. ಮನೆಗೆ ಹೋಗಿ ಮಲಗಬಹುದು. ಮೈಎಸ್‌ಕ್ಯೂಎಲ್‌ನಲ್ಲಿ ಒಂದೊಂದು ಆಲ್ಟರ್ ಟೇಬಲ್ಲೂ ತಂತಾನೇ ಕಮಿಟ್ ಆಗಿಬಿಡುತ್ತದೆ. ಮೂರು ಆಗಿವೆ, ಎರಡು ಆಗಿಲ್ಲ. ಹಳೆಯ ಪ್ರೋಗ್ರಾಂ ಓಡದು, ಹೊಸದೂ ಓಡದು. ಭಾನುವಾರವೆಲ್ಲ ಕೂತು ಕೈಯಲ್ಲೇ ಬಿಡಿಸಬೇಕು.

ಪೋಸ್ಟ್‌ಜಿಐಎಸ್, ಜೇಸನ್‌ಬಿ ಬಗ್ಗೆ ಈ ಓದುಗರಿಗೆ ನಾನು ಹೇಳಬೇಕಾದ್ದಿಲ್ಲ. ಮಾಲೀಕರ ವಿಷಯವನ್ನಂತೂ ಹೇಳಲೇಬೇಕು. ಬರ್ಕ್ಲಿಯಲ್ಲಿ ಮೈಕೆಲ್ ಸ್ಟೋನ್‌ಬ್ರೇಕರ್ ತಂಡ 1986ರಲ್ಲಿ ಶುರುಮಾಡಿದ ಕೆಲಸ ಇವತ್ತು ಯಾವ ಒಂದು ಕಂಪನಿಯ ಜೇಬಿನಲ್ಲೂ ಇಲ್ಲ. ಮೈಎಸ್‌ಕ್ಯೂಎಲ್ 2008ರಲ್ಲಿ ಸನ್ ಕೈಗೆ, 2010ರಲ್ಲಿ ಸನ್ ಸಮೇತ ಓರೇಕಲ್ ಕೈಗೆ ಹೋಯಿತು. ದುಬಾರಿ ಡೇಟಾಬೇಸ್ ಮಾರುವವರೇ ಪುಕ್ಕಟೆಯದನ್ನೂ ಸಾಕುತ್ತಾರೆಂದು ನಂಬುವವರು ನಂಬಲಿ.

ವ್ಯಾಕ್ಯೂಮ್ ಗೋಳು? ಆಟೋವ್ಯಾಕ್ಯೂಮ್ ಇದೆ, ನೋಡಿಕೊಳ್ಳುತ್ತದೆ. ದಿನವಿಡೀ ಅಪ್‌ಡೇಟ್ ಆಗುವ ದೊಡ್ಡ ಟೇಬಲ್ಲಿಗೆ ಸೆಟ್ಟಿಂಗ್ ತಿದ್ದಬೇಕಾಗುತ್ತದೆ. ತಿದ್ದಲು ಬಲ್ಲವರು ಬೇಕು. ಅಂಥವರು ಸುಲಭಕ್ಕೆ ಸಿಗುವುದಿಲ್ಲ, ಸಿಕ್ಕರೂ ಸಣ್ಣ ಸಂಸ್ಥೆಗಳಲ್ಲಿ ನಿಲ್ಲುವುದಿಲ್ಲ. ಇರಲಿ, ಕಲಿಯೋಣ.

ವಿರೋಧ: ಓಡುತ್ತಿರುವುದನ್ನು ಓಡಲು ಬಿಡಿ

ನಾಳೆಯೊಳಗೆ ಬರೆದುಕೊಡಿ ಎಂದಿದ್ದಾರೆ, ಒಂದೊಂದಾಗಿ ಹೇಳಿಬಿಡುತ್ತೇನೆ.

ಮೊದಲನೆಯದು ಬಳಕೆ. ವರ್ಡ್‌ಪ್ರೆಸ್ ನಡೆಯುವುದು ಮೈಎಸ್‌ಕ್ಯೂಎಲ್ ಅಥವಾ ಅದರ ಕವಲಾದ ಮರಿಯಾಡಿಬಿ ಮೇಲೆ. ವಿಕಿಪೀಡಿಯ 2013ರಲ್ಲಿ ಮರಿಯಾಡಿಬಿಗೆ ಬದಲಾಯಿತು. ಕನ್ನಡ ವಿಕಿಪೀಡಿಯವೂ ಅಲ್ಲೇ ಇದೆ. ಅಗ್ಗದ ಹೋಸ್ಟಿಂಗ್ ತೆಗೆದುಕೊಂಡರೆ ಪಿಎಚ್‌ಪಿಮೈಅಡ್ಮಿನ್ ಜೊತೆಗೇ ಬರುತ್ತದೆ. ಓರೇಕಲ್ ಭಯವಿದ್ದವರಿಗೆ ಮರಿಯಾಡಿಬಿ ಇದ್ದೇ ಇದೆ.

ಎರಡನೆಯದು ಭಾರ ಹೊರುವ ವಿಚಾರ. ಯೂಟ್ಯೂಬ್ ತನ್ನ ಮೈಎಸ್‌ಕ್ಯೂಎಲ್ ಹಲವು ಸರ್ವರ್‌ಗಳಿಗೆ ಹರಡಲೆಂದೇ ವಿಟೆಸ್ ಕಟ್ಟಿಕೊಂಡಿತು. ಪೋಸ್ಟ್‌ಗ್ರೆಸ್‌ನಿಂದ ಮೈಎಸ್‌ಕ್ಯೂಎಲ್‌ಗೆ ಬಂದ ಊಬರ್ 2016ರಲ್ಲಿ ಕಾರಣವನ್ನೂ ಬರೆದು ತಿಳಿಸಿತು. ಪೋಸ್ಟ್‌ಗ್ರೆಸ್ ಸಾಲೊಂದನ್ನು ತಿದ್ದಿದಾಗ ಹೊಸ ಪ್ರತಿಯನ್ನೇ ಬರೆಯುತ್ತದೆ. ಇಂಡೆಕ್ಸ್ ಇರುವ ಒಂದು ಕಾಲಂ ಬದಲಾದರೂ ಸಾಮಾನ್ಯವಾಗಿ ಆ ಟೇಬಲ್ಲಿನ ಉಳಿದ ಇಂಡೆಕ್ಸುಗಳಿಗೂ ಹೊಸ ನಮೂದು ಸೇರಬೇಕು. ಇನ್ನೋಡಿಬಿಯಲ್ಲಿ ಇತರ ಇಂಡೆಕ್ಸುಗಳು ಪ್ರೈಮರಿ ಕೀಯನ್ನಷ್ಟೇ ಹಿಡಿದಿರುವುದರಿಂದ ಬದಲಾದ ಕಾಲಮ್ಮಿನ ಇಂಡೆಕ್ಸ್ ಮುಟ್ಟಿದರೆ ಸಾಕು. ಜೊತೆಗೆ ಪೋಸ್ಟ್‌ಗ್ರೆಸ್ ಪ್ರತಿ ಕನೆಕ್ಷನ್ನಿಗೂ ಒಂದು ಪ್ರೊಸೆಸ್ ತೆರೆಯುತ್ತದೆ. ಹಾಗಾಗಿಯೇ ಮುಂದೆ ಪಿಜಿಬೌನ್ಸರ್ ಕೂರಿಸುವುದು.

ಮೂರನೆಯದಾಗಿ ಕನ್ನಡ. ಇಲ್ಲಿ ಸ್ವಲ್ಪ ತಗ್ಗಬೇಕಾಗುತ್ತದೆ. ಮೈಎಸ್‌ಕ್ಯೂಎಲ್‌ನ ಯುಟಿಎಫ್8 ಹೆಸರಿಗಷ್ಟೇ ಯುಟಿಎಫ್8 ಆಗಿತ್ತು. ಒಂದು ಅಕ್ಷರಕ್ಕೆ ಮೂರು ಬೈಟ್ ಮಾತ್ರ. ಕನ್ನಡದ ಅಕ್ಷರಗಳಿಗೆ ಸರಿಯಾಗಿ ಮೂರೇ ಬೈಟ್ ಸಾಕು, ಹಾಗಾಗಿ ನಮಗೆ ತೊಂದರೆ ಕಾಣಲಿಲ್ಲ. ಯಾರೋ ಅಭಿಪ್ರಾಯದ ನಡುವೆ ಇಮೋಜಿ ಹಾಕಿದರೆ ಅಲ್ಲಿಂದ ಮುಂದಿನ ಮಾತೆಲ್ಲ ಕತ್ತರಿಸಿಹೋಗುತ್ತಿತ್ತು. ನಾಲ್ಕು ಬೈಟಿನದು 2010ರಲ್ಲೇ ಬಂದರೂ ಡೀಫಾಲ್ಟ್ ಆದದ್ದು 8.0ರಲ್ಲಿ. ಇದಕ್ಕೆ ಸಮರ್ಥನೆ ನನ್ನಲ್ಲಿಲ್ಲ. ಆದರೆ ಪೋಸ್ಟ್‌ಗ್ರೆಸ್‌ನವರೂ ಮೈಮರೆಯುವಂತಿಲ್ಲ: 2018ರ ಜಿಲಿಬ್‌ಸಿ 2.28 ಅಕ್ಷರಗಳ ವಿಂಗಡಣೆ ಕ್ರಮ ಬದಲಿಸಿದಾಗ, ಅದನ್ನೇ ನೆಚ್ಚಿದ್ದವರ ಪಠ್ಯದ ಇಂಡೆಕ್ಸುಗಳು ದಾರಿ ತಪ್ಪಿದವು. ರೀಇಂಡೆಕ್ಸ್ ಮಾಡಬೇಕಾಯಿತು.

ಬರಿಗೈಯಿಂದ ಶುರುಮಾಡುವವರು ಪೋಸ್ಟ್‌ಗ್ರೆಸ್ ಹಿಡಿದರೆ ನಾನು ತಡೆಯಲಾರೆ. ನಿಜ ಹೇಳಬೇಕೆಂದರೆ ಚೆಕ್ ಷರತ್ತಿನ ವಿಷಯದಲ್ಲಿ ಅವರ ಮಾತು ನ್ಯಾಯವೇ. ಆದರೆ ನಡೆಯುತ್ತಿರುವ ಅಂಗಡಿಯನ್ನು ಫ್ಯಾಷನ್ನಿಗಾಗಿ ಕಿತ್ತು ಕಟ್ಟಬೇಡಿ. ಇನ್ನೂ 5.7ರಲ್ಲೇ ಇದ್ದರೆ, ಅದರ ಬೆಂಬಲ 2023ರ ಅಕ್ಟೋಬರಿಗೇ ಮುಗಿದಿದೆ. ಮೊದಲು ಬ್ಯಾಕಪ್ ತೆಗೆದು, ಅದನ್ನು ಬೇರೆ ಸರ್ವರಿನಲ್ಲಿ ರಿಸ್ಟೋರ್ ಮಾಡಿ ನೋಡಿ, ಆಮೇಲೆ 8.0 ದಾಟಿ 8.4ಕ್ಕೆ ಬನ್ನಿ.