ಬ್ಯೂನಸ್ ಐರಿಸ್‌ನ ಒಂದು ಹೋಟೆಲ್ ಬಿಲ್ಲು: ಬೆಲೆ ಏರೋದು ನಿಧಾನವಾಗಿದೆ, ಬೆಲೆ ತೆತ್ತವರು ಯಾರು?

ಅರ್ಜೆಂಟೀನಾದ ರಾಜಧಾನಿ ಬ್ಯೂನಸ್ ಐರಿಸ್‌ನಲ್ಲಿ ನಾನು ನಾಲ್ಕು ರಾತ್ರಿ ಉಳಿದದ್ದು ಸಂಸತ್ ಭವನದ ಹತ್ತಿರದ ಒಂದು ಸಣ್ಣ ಹೋಟೆಲಿನಲ್ಲಿ. ಮೂರು ಸ್ಟಾರ್. ಜಾಲರಿ ಬಾಗಿಲನ್ನು ನಾವೇ ಎಳೆದು ಮುಚ್ಚಬೇಕಾದ ಹಳೇ ಲಿಫ್ಟು, ಬೆಳಿಗ್ಗೆ ಕಾಫಿ ಜೊತೆ ಅರ್ಧಚಂದ್ರದ ಆಕಾರದ ಸಿಹಿ ಬನ್ನು, ಕಿಟಕಿ ತೆಗೆದರೆ ಬಸ್ಸುಗಳ ಸದ್ದು. 2025ರ ನವೆಂಬರ್. ಮಧ್ಯಾವಧಿ ಚುನಾವಣೆ ಮುಗಿದು ಕೆಲವು ವಾರಗಳಾಗಿದ್ದವು. ಅಧ್ಯಕ್ಷ ಹಾವಿಯರ್ ಮಿಲೇ ಅವರ ಪಕ್ಷ ದೊಡ್ಡದಾಗಿಯೇ ಗೆದ್ದಿತ್ತು.

ರಿಸೆಪ್ಷನ್‌ನಲ್ಲಿದ್ದವರು ಐವತ್ತು ದಾಟಿದ ಮನುಷ್ಯ. ನಾನು ಡಾಲರ್ ನೋಟು ತೆಗೆಯೋಕೆ ಹೋದರೆ ತಡೆದರು. "ಕ್ಯಾಶ್ ಬೇಡ. ಪಾಸ್‌ಪೋರ್ಟ್ ತೋರಿಸಿ, ನಿಮ್ಮ ದೇಶದ ಕಾರ್ಡ್ ಕೊಡಿ. ತೆರಿಗೆ ಬೀಳಲ್ಲ" ಅಂದರು.

ಅಲ್ಲಿ ಹೋಟೆಲ್ ರೂಮಿನ ಮೇಲೆ 21% ವ್ಯಾಟ್ ಇದೆ. ಹೊರದೇಶದ ಪ್ರವಾಸಿ ಹೊರದೇಶದ ಕಾರ್ಡಿನಲ್ಲಿ ಕಟ್ಟಿದರೆ ಅದು ಮಾಫಿ. ಇದು ಮಿಲೇ ತಂದದ್ದಲ್ಲ, 2017ರಿಂದಲೇ ಇದೆ. ಪ್ರವಾಸೋದ್ಯಮವೂ ಒಂದು ರಫ್ತು, ರಫ್ತಿಗೆ ತೆರಿಗೆ ಹಾಕಬಾರದು ಅನ್ನೋದು ಇದರ ಹಿಂದಿನ ತರ್ಕ. ತಪ್ಪೇನಿಲ್ಲ. ಆದರೆ ಲೆಕ್ಕ ನೋಡಿ: ನನಗೆ ರಾತ್ರಿಗೆ 58 ಡಾಲರ್, ಅದೇ ಊರಿನಿಂದ ಬಂದು ಪಕ್ಕದ ರೂಮಿನಲ್ಲಿ ಮಲಗುವ ಅರ್ಜೆಂಟೀನಾದವರಿಗೆ 70 ಡಾಲರ್.

ಇಂಜಿನಿಯರಿಂಗ್ ಓದಿದ ಚಾಳಿ, ಯಾವುದೇ ಅಂಕಿ ಕಂಡರೂ ಇನ್ನೊಂದು ಅಂಕಿಯ ಪಕ್ಕ ಇಟ್ಟು ನೋಡ್ತೀನಿ. ಆ ದೇಶದ ರಾಜಕೀಯದ ಬಗ್ಗೆ ಅದುವರೆಗೆ ಓದಿದ್ದ ಎಷ್ಟೋ ವರದಿಗಳಿಗಿಂತ ಆ ಬಿಲ್ಲು ನನಗೆ ಹೆಚ್ಚು ಹೇಳಿತು.

ಗರಗಸ ಕೆಲಸ ಮಾಡಿತಾ?

ಮೊದಲು ನ್ಯಾಯವಾಗಿ ಹೇಳಬೇಕಾದ್ದನ್ನು ಹೇಳಿಬಿಡೋಣ. 2023ರ ಡಿಸೆಂಬರ್ 10ರಂದು ಮಿಲೇ ಅಧಿಕಾರಕ್ಕೆ ಬಂದಾಗ ದೇಶ ಕುಸಿಯುತ್ತಿತ್ತು. ಆ ಒಂದೇ ವರ್ಷದ ಹಣದುಬ್ಬರ 211.4%. ಒಂದು ಡಾಲರಿಗೆ ಸರ್ಕಾರಿ ದರ ಸುಮಾರು 366 ಪೆಸೊ, ಬೀದಿಯಲ್ಲಿ ಅದರ ಎರಡು ಪಟ್ಟಿಗೂ ಹೆಚ್ಚು. ಫ್ಲೋರಿಡಾ ಬೀದಿಯಲ್ಲಿ "ಕಾಂಬಿಯೊ, ಕಾಂಬಿಯೊ" ಅಂತ ಕೂಗುತ್ತಾ ನಿಂತ ದಲ್ಲಾಳಿಗಳ ಹತ್ತಿರ ನೂರು ಡಾಲರ್ ಕೊಟ್ಟರೆ ಚೀಲ ತುಂಬಾ ನೋಟು ಸಿಗುತ್ತಿದ್ದ ಕಾಲ ಅದು.

ಮಿಲೇ ಬಂದ ವಾರದಲ್ಲೇ ಪೆಸೊ ಬೆಲೆಯನ್ನು ಅರ್ಧಕ್ಕಿಂತ ಕೆಳಗಿಳಿಸಿ ಡಾಲರಿಗೆ 800 ಮಾಡಿದರು. ಸರ್ಕಾರಿ ಖರ್ಚಿಗೆ ಗರಗಸ ಹಾಕಿದರು. ರಸ್ತೆ, ಸೇತುವೆ ಕಾಮಗಾರಿಗಳು ಬಹುತೇಕ ನಿಂತವು, ಸಬ್ಸಿಡಿ ಇಳಿಯಿತು, ಬಜೆಟ್ ಹೆಚ್ಚುವರಿಗೆ ಬಂತು. 2024ರಲ್ಲಿ ಹಣದುಬ್ಬರ 117.8%ಕ್ಕೆ ಇಳಿಯಿತು, 2025ರಲ್ಲಿ ಇನ್ನೂ ಬಹಳ ಕೆಳಗೆ ಬಂತು. ಸರ್ಕಾರಿ ಅಂಕಿಅಂಶ ಸಂಸ್ಥೆಯ ಪ್ರಕಾರ ಬಡತನ 2024ರ ಮೊದಲಾರ್ಧದಲ್ಲಿ 52.9%ಗೆ ಜಿಗಿದು, 2025ರ ಮೊದಲಾರ್ಧದಲ್ಲಿ 31.6%ಗೆ ಇಳಿಯಿತು.

ಈ ಕೊನೆಯ ಅಂಕಿಗೆ ಒಂದು ತಕರಾರಿದೆ. ಬೆಲೆ ಅಳೆಯುವ ಸೂಚ್ಯಂಕ ನಿಂತಿರೋದು 2004-05ರಲ್ಲಿ ಜನ ಯಾವುದಕ್ಕೆ ಎಷ್ಟು ಖರ್ಚು ಮಾಡುತ್ತಿದ್ದರು ಅನ್ನೋ ಸಮೀಕ್ಷೆಯ ಮೇಲೆ. ಮಿಲೇ ಕಾಲದಲ್ಲಿ ವಿಪರೀತ ಏರಿದ ಕರೆಂಟು, ಗ್ಯಾಸು, ಬಸ್ಸಿನ ದರಗಳಿಗೆ ಅದರಲ್ಲಿ ತೂಕ ಕಮ್ಮಿ. ತಕ್ಕಡಿ ಹಳೇದು. ಆದರೂ ಇಳಿಕೆಯೇ ಆಗಿಲ್ಲ ಅಂತ ವಾದಿಸಿದರೆ ಅದು ನಮ್ಮ ಮೊಂಡುತನ.

ರಿಸೆಪ್ಷನ್‌ನವರು ಮಿಲೇಗೇ ವೋಟು ಹಾಕಿದವರು. "2023ರಲ್ಲಿ ರೂಮ್ ರೇಟಿನ ಬೋರ್ಡು ಎಷ್ಟು ಸಲ ಬದಲಿಸ್ತಿದ್ವಿ ಅಂದ್ರೆ ಕೊನೆಗೆ ಬೋರ್ಡೇ ತೆಗೆದುಬಿಟ್ವಿ. ಸಂಬಳ ಬಂದ ದಿನವೇ ಓಡಿಹೋಗಿ ಎಣ್ಣೆ, ಅಕ್ಕಿ ತರ್ತಿದ್ದೆ. ಈಗ ಓಡಬೇಕಾಗಿಲ್ಲ" ಅಂದರು. ಅರ್ಧ ಇಂಗ್ಲಿಷು, ಅರ್ಧ ಫೋನಿನ ಅನುವಾದದಲ್ಲಿ ನಡೆದ ಮಾತು. ಮಿಲೇ ಬೆಂಬಲಿಗರನ್ನೆಲ್ಲಾ ಮೋಸಹೋದ ಜನ ಅಂದುಕೊಳ್ಳೋದು ಎಷ್ಟು ಸೋಮಾರಿ ವಿಶ್ಲೇಷಣೆ ಅಂತ ನನಗೆ ಅರ್ಥವಾದದ್ದು ಅಲ್ಲೇ.

ಖಾಲಿ ರೂಮುಗಳು

ಹಾಗಾದರೆ ಹೋಟೆಲ್ ತುಂಬಿತ್ತಾ? ಇಲ್ಲ. ಬೆಳಿಗ್ಗೆ ತಿಂಡಿಗೆ ಬರುತ್ತಿದ್ದವರು ನಾಲ್ಕೈದು ಜನ.

ಕಾರಣ ಸರಳ ಗಣಿತ. 2024ರ ಮಧ್ಯದಲ್ಲಿ ಬೆಲೆಗಳು ತಿಂಗಳಿಗೆ 4% ಏರುತ್ತಿದ್ದರೆ, ಸರ್ಕಾರ ಡಾಲರಿನ ದರವನ್ನು ತಿಂಗಳಿಗೆ 2% ಮಾತ್ರ ಏರಲು ಬಿಡುತ್ತಿತ್ತು. ಹೀಗೆ ತಿಂಗಳುಗಟ್ಟಲೆ ನಡೆದರೆ ಡಾಲರ್ ಲೆಕ್ಕದಲ್ಲಿ ದೇಶವೇ ದುಬಾರಿಯಾಗುತ್ತದೆ. ಚೀಲ ತುಂಬಾ ನೋಟಿನ ಆಸೆಗೆ ಬರುತ್ತಿದ್ದ ಪ್ರವಾಸಿಗರು ಕಮ್ಮಿಯಾದರು. ಅನುಕೂಲಸ್ಥ ಅರ್ಜೆಂಟೀನಾದವರು ರಜೆಗೆ ಬ್ರೆಜಿಲ್ಲಿಗೆ, ಶಾಪಿಂಗಿಗೆ ಚಿಲಿಗೆ ಹೊರಟರು. ಗಟ್ಟಿ ಪೆಸೊದಿಂದ ಹಣದುಬ್ಬರ ಇಳಿಯಿತು, ಅದೇ ಗಟ್ಟಿ ಪೆಸೊದಿಂದ ಸಣ್ಣ ಹೋಟೆಲುಗಳ ರೂಮು ಖಾಲಿ ಬಿತ್ತು.

ಆ ಗಟ್ಟಿತನವಾದರೂ ಸ್ವಂತದ್ದಾ? 2025ರ ಏಪ್ರಿಲ್‌ನಲ್ಲಿ ಐಎಂಎಫ್ 20 ಶತಕೋಟಿ ಡಾಲರ್ ಸಾಲಕ್ಕೆ ಒಪ್ಪಿತು. ಅಕ್ಟೋಬರ್‌ನಲ್ಲಿ, ಚುನಾವಣೆಗೆ ಮುಂಚೆ ಪೆಸೊ ಅಲುಗಾಡಿದಾಗ, ಅಮೆರಿಕದ ಖಜಾನೆ ಇನ್ನೊಂದು 20 ಶತಕೋಟಿಯ ಕರೆನ್ಸಿ ವಿನಿಮಯ ವ್ಯವಸ್ಥೆಯೊಂದಿಗೆ ಬಂತು. ಮಿಲೇ ಸೋತರೆ ಇಷ್ಟು ಉದಾರವಾಗಿರಲ್ಲ ಅಂತ ಟ್ರಂಪ್ ಬಹಿರಂಗವಾಗಿಯೇ ಹೇಳಿದರು. ಮುಕ್ತ ಮಾರುಕಟ್ಟೆಯ ಪ್ರವಾದಿಯ ಕರೆನ್ಸಿ ನಿಂತದ್ದು ಇನ್ನೊಂದು ಸರ್ಕಾರದ ಆಸರೆಯಲ್ಲಿ.

ಬುಧವಾರ

ಮೂರನೇ ದಿನ ಬುಧವಾರ. ರಿಸೆಪ್ಷನ್‌ನವರ ಎಂಬತ್ತರ ಹತ್ತಿರದ ಅಮ್ಮ ಮಗನನ್ನು ನೋಡೋಕೆ ಹೋಟೆಲಿಗೇ ಬಂದಿದ್ದರು. ಅಲ್ಲಿಂದ ನೇರ ಸಂಸತ್ತಿನ ಮುಂದಿನ ಚೌಕಕ್ಕೆ. ಪ್ರತಿ ಬುಧವಾರ ಅಲ್ಲಿ ಪಿಂಚಣಿದಾರರು ಸೇರುತ್ತಾರೆ. ಅವರು ಕೆಲವು ನೂರಾದರೆ ಪೊಲೀಸರು ಅದಕ್ಕಿಂತ ಹೆಚ್ಚು ಅನ್ನಿಸುತ್ತದೆ. 2025ರ ಮಾರ್ಚ್ 12ರಂದು ಫುಟ್‌ಬಾಲ್ ಅಭಿಮಾನಿಗಳು ಈ ಅಜ್ಜ-ಅಜ್ಜಿಯರ ಬೆಂಬಲಕ್ಕೆ ಬಂದಾಗ ಇಲ್ಲೇ ಅಶ್ರುವಾಯು ಶೆಲ್ ಒಬ್ಬ ಫೋಟೊಗ್ರಾಫರ್ ತಲೆಗೆ ಬಡಿದಿತ್ತು.

"ಅವಳು ನನ್ನ ವೋಟಿನ ವಿರುದ್ಧ ಪ್ರತಿಭಟನೆ ಮಾಡ್ತಾಳೆ. ಸಂಜೆ ನಾನೇ ಬಸ್ಸು ಹತ್ತಿಸ್ತೀನಿ" ಅಂದರು ಮಗ, ನಗುತ್ತಾ. ಅಮ್ಮ ನಗಲಿಲ್ಲ.

ಅವರ ಬೇಡಿಕೆ ಏನು? ಕನಿಷ್ಠ ಪಿಂಚಣಿಯವರಿಗೆ ಪ್ರತಿ ತಿಂಗಳೂ ಒಂದು ಬೋನಸ್ ಸಿಗುತ್ತದೆ. 2024ರ ಮಾರ್ಚ್‌ನಲ್ಲಿ 70,000 ಪೆಸೊ ಇತ್ತು, 2025ರ ನವೆಂಬರ್‌ನಲ್ಲೂ 70,000ವೇ. ಅಂದು 100 ಪೆಸೊಗೆ ಬರುತ್ತಿದ್ದ ಸಾಮಾನಿಗೆ ಈಗ 175ಕ್ಕೂ ಹೆಚ್ಚು ಕೊಡಬೇಕು. ಸಂಸತ್ತು ಪಿಂಚಣಿ ಏರಿಸುವ ಮಸೂದೆ ಪಾಸು ಮಾಡಿದಾಗ ಮಿಲೇ 2024ರಲ್ಲಿ ಒಮ್ಮೆ, 2025ರಲ್ಲಿ ಇನ್ನೊಮ್ಮೆ ವೀಟೊ ಹಾಕಿದರು. ಮೊದಲ ವೀಟೊ ಉಳಿಸಿಕೊಟ್ಟ 87 ಸಂಸದರನ್ನು "ಹೀರೋಗಳು" ಅಂತ ಕರೆದು ಅಧ್ಯಕ್ಷರ ನಿವಾಸದಲ್ಲಿ ಬಾಡೂಟ ಹಾಕಿಸಿದರು.

ಆ ರಾತ್ರಿ ರೂಮಿನಲ್ಲಿ ಕೂತು ಲೆಕ್ಕ ಮಾಡಿದೆ. ಡಾಲರಿಗೆ ಆಗ ಸುಮಾರು 1,440 ಪೆಸೊ. ಬೋನಸ್ ಸೇರಿ ಕನಿಷ್ಠ ಪಿಂಚಣಿ ತಿಂಗಳಿಗೆ ಸುಮಾರು 4 ಲಕ್ಷ ಪೆಸೊ, ಅಂದರೆ ನನ್ನ ಹೋಟೆಲಿನಲ್ಲಿ ಸ್ಥಳೀಯರ ದರದಲ್ಲಿ ನಾಲ್ಕು ರಾತ್ರಿ. ಮತ್ತೆ ನಾಲ್ಕು ರಾತ್ರಿಗೆ ನನಗೆ ಮಾಫಿಯಾದ ತೆರಿಗೆ? ಸುಮಾರು 49 ಡಾಲರ್. ಪೆಸೊದಲ್ಲಿ ಹೆಚ್ಚುಕಡಿಮೆ 70,000. ಆ ಅಜ್ಜಿಯ ಒಂದು ತಿಂಗಳ ಬೋನಸ್!

ನನ್ನ ತೆರಿಗೆ ವಸೂಲಿ ಮಾಡಿದ್ದರೆ ಅವರ ಪಿಂಚಣಿ ಏರುತ್ತಿತ್ತು ಅಂತ ನಾನು ಹೇಳ್ತಿಲ್ಲ. ಬಜೆಟ್ ಹಾಗೆ ನಡೆಯಲ್ಲ. ಆದರೆ "ದುಡ್ಡಿಲ್ಲ" ಅನ್ನುವ ವಾಕ್ಯ ಯಾವ ದೇಶದಲ್ಲೂ ಎಲ್ಲರಿಗೂ ಒಂದೇ ಥರ ಅನ್ವಯ ಆಗಲ್ಲ. ಎಲ್ಲಿ ದುಡ್ಡಿದೆ, ಎಲ್ಲಿಲ್ಲ ಅನ್ನೋದು ರಾಜಕೀಯ ತೀರ್ಮಾನ.

ಕಾಯಾವೊ 360

ಹೋಟೆಲಿನಿಂದ ಕೆಲವೇ ಬ್ಲಾಕ್ ದೂರದಲ್ಲಿ, ಕಾಯಾವೊ ಅವೆನ್ಯೂದಲ್ಲಿ ಇನ್ನೊಂದು ಹೋಟೆಲಿನ ಕಟ್ಟಡವಿದೆ. ಹೆಸರು ಬಾವೆನ್. 1978ರ ವಿಶ್ವಕಪ್ ಫುಟ್‌ಬಾಲ್ ಹೊತ್ತಿಗೆ, ಮಿಲಿಟರಿ ಆಡಳಿತದಲ್ಲಿ, ಸರ್ಕಾರಿ ಬ್ಯಾಂಕಿನ ಸಾಲದಲ್ಲಿ ಕಟ್ಟಿದ್ದು. 2001ರ ಡಿಸೆಂಬರ್‌ನಲ್ಲಿ ಬ್ಯಾಂಕುಗಳು ಜನರ ಠೇವಣಿಗೆ ಬೀಗ ಹಾಕಿ ಇಡೀ ಆರ್ಥಿಕತೆ ಕುಸಿದಾಗ ಹೋಟೆಲೂ ಮುಚ್ಚಿತು. 2003ರಲ್ಲಿ ಕೆಲಸ ಕಳೆದುಕೊಂಡ ನೌಕರರು ಒಳಹೊಕ್ಕು, ಸಹಕಾರಿ ಸಂಘ ಕಟ್ಟಿ, ತಾವೇ ನಡೆಸಿದರು. 2020ರವರೆಗೂ. ಹೋಟೆಲನ್ನು ಸಂಘಕ್ಕೆ ಉಳಿಸಿಕೊಡುವ ಕಾನೂನನ್ನು 2016ರಲ್ಲಿ ಸಂಸತ್ತು ಪಾಸು ಮಾಡಿತು. ಆಗಿನ ಅಧ್ಯಕ್ಷ ಮೌರಿಸಿಯೊ ಮಾಕ್ರಿ ವೀಟೊ ಹಾಕಿದರು. ಕಡೆಗೆ ಕೋವಿಡ್ ಅದನ್ನು ಮುಗಿಸಿತು.

ಕಟ್ಟುವಾಗ ಸರ್ಕಾರಿ ಸಾಲ ಸಿಕ್ಕಿತು. ಉಳಿಸಿಕೊಳ್ಳುವಾಗ ನೌಕರರಿಗೆ ಸಿಕ್ಕಿದ್ದು ವೀಟೊ. ಗರಗಸ ಮಿಲೇ ಕೈಗೆ ಬರುವ ಮುಂಚೆಯೂ ಅದು ಯಾರ ಕಡೆ ತಿರುಗುತ್ತೆ ಅನ್ನೋದು ತೀರ್ಮಾನವಾಗಿತ್ತು.

ಬೆಂಗಳೂರಿನಲ್ಲಿ ನನ್ನ ಜೊತೆ ಓದಿದ ಗೆಳೆಯರ ವಾಟ್ಸಾಪ್ ಗುಂಪಿನಲ್ಲಿ ಮಿಲೇ ಹೀರೋ. ಗ್ಯಾರಂಟಿ ಯೋಜನೆಗಳ ಮಾತು ಬಂದಾಗಲೆಲ್ಲಾ ಯಾರೋ ಒಬ್ಬರು ಗರಗಸದ ಫೋಟೊ ಹಾಕ್ತಾರೆ. ಅವರಿಗೆ ನನ್ನ ಉತ್ತರ "ಮಿಲೇ ಸೋತಿದ್ದಾರೆ" ಅಂತಲ್ಲ. ಹಣದುಬ್ಬರ ಬಡವರ ಮೇಲಿನ ತೆರಿಗೆ, ಅದನ್ನು ಇಳಿಸಿದ್ದು ಸಾಧನೆಯೇ. ಅದಕ್ಕೆ ಪ್ರತಿಪಕ್ಷ ಪೆರೋನಿಸ್ಟರ ಹತ್ತಿರ ನಂಬುವಂಥ ಪರ್ಯಾಯ ಇರಲಿಲ್ಲ ಅನ್ನೋದೂ ನಿಜ. ನಾನು ಕೇಳೋದು ಇಷ್ಟೇ: ಕತ್ತರಿಸಿ ಅನ್ನುವಾಗ ಯಾರದ್ದು, ಯಾರದ್ದಕ್ಕಿಂತ ಮೊದಲು ಅನ್ನೋದನ್ನೂ ಹೇಳಿ.

ಹೊರಡುವ ದಿನ ಬಿಲ್ಲು ಕೈಗೆ ಬಂತು. ವ್ಯಾಟ್‌ನ ಸಾಲಿನಲ್ಲಿ ಸೊನ್ನೆ. "ಅಮ್ಮ ಮುಂದಿನ ಬುಧವಾರವೂ ಹೋಗ್ತಾರಾ?" ಅಂತ ಕೇಳಿದೆ.

"ಹೋಗ್ತಾಳೆ" ಅಂದರು. "ನಾನು ಮುಂದಿನ ಸಲ ಯಾರಿಗೆ ವೋಟು ಹಾಕ್ತೀನಿ ಅಂತಲೂ ಕೇಳ್ತಾಳೆ. ಇನ್ನೂ ಉತ್ತರ ಹೇಳಿಲ್ಲ."