ಜಾತಿ ಮುಚ್ಚಿಟ್ಟವರನ್ನ ಬೈಯೋ ಮುಂಚೆ

ಹೋದ ವಾರ ನಮ್ಮ ಹುಡುಗರ ಜೊತೆ ಕೂತು 'ಡೆವಿಲ್ ಇನ್ ಎ ಬ್ಲೂ ಡ್ರೆಸ್' ನೋಡಿದ್ವಿ. ವಾಲ್ಟರ್ ಮೋಸ್ಲಿ 1990ರಲ್ಲಿ ಬರೆದ ಕಾದಂಬರಿ, 1995ರಲ್ಲಿ ಕಾರ್ಲ್ ಫ್ರಾಂಕ್ಲಿನ್ ಸಿನಿಮಾ ಮಾಡಿದರು. ಮುಗಿದ ಮೇಲೆ ಒಬ್ಬ ಗೆಳೆಯ ನಾಯಕಿ ಬಗ್ಗೆ ಅಂದ: "ದ್ರೋಹಿ ಕಣಣ್ಣ ಇವಳು. ತನ್ನ ಜನಾನೇ ಮುಚ್ಚಿಟ್ಟಳು." ನಾಲ್ಕೈದು ಜನ ತಲೆ ಆಡಿಸಿದ್ರು. ನನಗೆ ಅಲ್ಲಿ ಉತ್ತರ ಕೊಡೋಕಾಗ್ಲಿಲ್ಲ. ಇಲ್ಲಿ ಕೊಡ್ತೀನಿ.

ನೋಡದೇ ಇರೋರಿಗೆ ಕತೆ ಹೇಳಿಬಿಡ್ತೀನಿ. 1948ರ ಲಾಸ್ ಏಂಜಲೀಸ್. ಈಜಿ ರಾಲಿನ್ಸ್ ಮಹಾಯುದ್ಧದಲ್ಲಿ ಹೋರಾಡಿ ಬಂದ ಕಪ್ಪು ಮನುಷ್ಯ. ವಿಮಾನ ಕಾರ್ಖಾನೆ ಕೆಲಸ ಹೋಗಿದೆ, ಮನೆ ಸಾಲದ ಕಂತು ಕಟ್ಟಬೇಕು. ಹಾಗಾಗಿ ಡಾಫ್ನಿ ಅನ್ನೋ ಬಿಳಿ ಹೆಂಗಸನ್ನ ಹುಡುಕಿಕೊಡೋ ಕೆಲಸ ಒಪ್ಕೋತಾನೆ. ಹೆಣ ಬೀಳ್ತವೆ. ಪೊಲೀಸರು ಎಳ್ಕೊಂಡು ಹೋಗಿ ಬಡೀತಾರೆ. ಕೊನೆಗೆ ಗೊತ್ತಾಗುತ್ತೆ, ಡಾಫ್ನಿಯ ತಾಯಿ ಕಪ್ಪು ಮೂಲದವಳು. ಆ ಗುಟ್ಟು ಹಿಡ್ಕೊಂಡೇ ಮೇಯರ್ ಚುನಾವಣೆಯಲ್ಲಿ ಅವಳ ಪ್ರಿಯಕರನನ್ನ ಎದುರಾಳಿ ಕಣದಿಂದ ಹಿಂದೆ ಸರಿಸಿರ್ತಾನೆ. ಆ ಎದುರಾಳಿ ಮಕ್ಕಳ ಮೈ ಮುಟ್ಟಿದ ಪಾಪಿ, ಫೋಟೋ ಸಾಕ್ಷಿ ಇದೆ. ಆದ್ರೂ ತಲೆ ತಗ್ಗಿಸಬೇಕಾದವಳು ಡಾಫ್ನಿ! ಪ್ರೀತಿಸಿದ ಶ್ರೀಮಂತನೂ ಕೈ ಬಿಡ್ತಾನೆ.

ಈಗ ಹೇಳಿ, ದ್ರೋಹಿ ಯಾರು?

ಅಮೆರಿಕದಲ್ಲಿ ಕಪ್ಪು ಜನಕ್ಕೆ ಮಾರಬಾರದು ಅಂತ ಮನೆ ಪತ್ರದಲ್ಲೇ ಷರತ್ತು ಬರೀತಿದ್ರು. ಕೋರ್ಟುಗಳು ಅದನ್ನ ಜಾರಿ ಮಾಡುವಂತಿಲ್ಲ ಅಂತ ಅಲ್ಲಿನ ಸುಪ್ರೀಂ ಕೋರ್ಟ್ ಹೇಳಿದ್ದು ಅದೇ 1948ರಲ್ಲಿ. ನಮ್ಮಲ್ಲಿ ಪತ್ರವೇ ಬೇಕಾಗಿಲ್ಲ. "ನೀವು ವೆಜ್ಜಾ?" ಅಂದ್ರೆ ಸಾಕು.

ನಾನೂ ಮುಚ್ಚಿಟ್ಟಿದ್ದೆ. ಬೆಂಗಳೂರಿಗೆ ಬಂದ ಹೊಸದರಲ್ಲಿ ನಾಲ್ಕು ಮನೆ ಕೈ ತಪ್ಪಿದ ಮೇಲೆ ಐದನೇ ಓನರ್ ಹತ್ರ ಬೇರೆ ಜಾತಿ ಹೆಸರು ಹೇಳ್ದೆ. ಬಾಬಾಸಾಹೇಬರ ಫೋಟೋ ಹನ್ನೊಂದು ತಿಂಗಳು ಟ್ರಂಕಿನೊಳಗಿತ್ತು. ಅವ್ವ ಬಂದಾಗ "ಓನರಮ್ಮನ ಹತ್ರ ಜಾಸ್ತಿ ಮಾತಾಡ್ಬೇಡ" ಅಂದೆ. ಯಾಕೆ ಅಂತ ಕೇಳಲಿಲ್ಲ. ಇದ್ದ ಎರಡು ದಿನವೂ ಅವ್ವ ಹೊಸ್ತಿಲು ದಾಟಲಿಲ್ಲ. ಅದನ್ನ ನೆನೆಸಿಕೊಂಡ್ರೆ ಇವತ್ತೂ ಅನ್ನ ಗಂಟಲಲ್ಲಿ ಇಳಿಯಲ್ಲ. ನನ್ನನ್ನೂ ದ್ರೋಹಿ ಅಂತೀರಾ?

ಹಾಗಾದ್ರೆ ಬಾಬಾಸಾಹೇಬರನ್ನ ಏನಂತೀರಿ? ಕೊಲಂಬಿಯಾದಲ್ಲಿ ಓದಿ ಬಂದು ಬರೋಡಾದಲ್ಲಿ ನೌಕರಿಗೆ ಸೇರಿದಾಗ ತಲೆ ಮೇಲೆ ಸೂರು ಸಿಗದೆ, ಪಾರ್ಸಿ ಹೆಸರಲ್ಲಿ ಪಾರ್ಸಿ ವಸತಿಗೃಹದಲ್ಲಿದ್ದರು. ಗೊತ್ತಾದಾಗ ಹತ್ತು ಹನ್ನೆರಡು ಜನ ದೊಣ್ಣೆ ಹಿಡಿದು ಬಂದು ಖಾಲಿ ಮಾಡಿಸಿದರು. ಅವರೇ ಇದನ್ನ ಬರೆದಿಟ್ಟಿದಾರೆ. ಅವಮಾನ ಯಾರದ್ದು ಅಂತ ಅವರಿಗೆ ಸ್ಪಷ್ಟವಿತ್ತು. ನಮಗೇ ಗೊಂದಲ.

ಎದೆಯುಬ್ಬಿಸಿ ಹೇಳ್ಕೊಳ್ಳೋದು ಹೋರಾಟ, ಒಪ್ತೀನಿ. ಮುಚ್ಚಿಟ್ಟುಕೊಂಡು ಮೇಲೇರಿ, ನಮ್ಮವರಿಗೇ ಬಾಗಿಲು ಹಾಕೋರನ್ನ ನಾನೂ ಬಿಡಲ್ಲ. ಆದ್ರೆ ಸೂರಿಗಾಗಿ, ಅನ್ನಕ್ಕಾಗಿ ಮುಚ್ಚಿಟ್ಟವರು ಬೇರೆ. ಸಿನಿಮಾದ ಕೊನೇಲಿ ಈಜಿ ತನ್ನದೇ ಮನೆ ಜಗಲಿ ಮೇಲೆ ಕೂತಿರ್ತಾನೆ, ಸುತ್ತ ಅವನ ಜನ. ಅವನು ತಲೆ ಎತ್ತಿ ಇರಬಲ್ಲ, ಯಾಕಂದ್ರೆ ಹಿಂದೆ ಒಂದು ಗೋಡೆ ಇದೆ. ಡಾಫ್ನಿಗೆ ಒಬ್ಬ ಅಣ್ಣ ಬಿಟ್ರೆ ಏನಿತ್ತು?

ಧೈರ್ಯ ಇಲ್ಲ ಅಂತ ನಮ್ಮ ಹುಡುಗ ಹುಡುಗಿಯರನ್ನ ಹಂಗಿಸೋ ಮೊದಲು, ನಗರದಲ್ಲಿ ಸ್ವಂತ ಮನೆ ಕಟ್ಟಿರೋ ನಮ್ಮವರು ಒಂದು ರೂಮು ಅವರಿಗೆ ಬಾಡಿಗೆಗೆ ಕೊಡಿ. ಇಲ್ಲದವರು ಇರೋರ ಹತ್ರ ಮಾತಾಡಿ ಕೊಡಿಸಿ. ಕೂರೋಕೆ ಜಗಲಿ ಸಿಕ್ಕಿದ್ರೆ ಟ್ರಂಕಿಂದ ಫೋಟೋ ತಾನಾಗೇ ಗೋಡೆಗೆ ಬರುತ್ತೆ.

ಜೈ ಭೀಮ್.