ಸೆಂಟಿನ ತೀರ್ಮಾನ ಸಾಯಂಕಾಲಕ್ಕೆ ಮಾಡಿ

ಮದುವೆ ಕಾಲ ಬಂತು ಅಂದ್ರೆ ಈಗ ಸೀರೆ ಜೊತೆಗೆ ಸೆಂಟಿನ ಬಾಟ್ಲಿ ಮಾತೂ ಶುರುವಾಗ್ತೈತೆ. ಅದ್ರಲ್ಲೂ ಹೂವಿನ ವಾಸನೆ ಜೊತೆ ವೆನಿಲ್ಲಾ ಬೆರೆತಿರೋ ಬೆಚ್ಚನೆ ಸೆಂಟು ನಮ್ಮ ಹೆಣ್ಮಕ್ಕಳಿಗೆ ಬಲೇ ಇಷ್ಟ. ಇಷ್ಟಪಡಿ, ಬ್ಯಾಡ ಅನ್ನಲ್ಲ. ಆದ್ರೆ ಅಂಗಡೀಲಿ ಕಾಗದದ ಪಟ್ಟಿ ಮೂಸಿ ದುಡ್ಡು ಕೊಡಬ್ಯಾಡಿ ಅನ್ನೋದು ನನ್ನ ವಾದ. ಸೆಂಟು ಎಂಥದ್ದು ಅಂತ ಹೇಳಬೇಕಾದ್ದು ನಮ್ಮ ಮೈ, ಕಾಗದ ಅಲ್ಲ.

ಅದು ಹೆಂಗೆ ಅಂದ್ರೆ, ಒಗ್ಗರಣೆ ನೆನಪು ಮಾಡ್ಕಳಿ. ಇಂಗು ಬಿದ್ದ ಕೂಡ್ಲೆ ಘಮ ಬೀದಿಗೆ ಹೋಗ್ತೈತೆ, ಅಷ್ಟೇ ಬೇಗ ಆರೋಗ್ತೈತೆ. ಸಾರಿನ ವಾಸನೆ ಮಾತ್ರ ಪಾತ್ರೆ ತೊಳೆಯೋವರೆಗೂ ಇರ್ತೈತೆ. ಸೆಂಟೂ ಅಂಗೇ. ಹಾಕಿದ ತಕ್ಷಣ ಬರೋದು ಸ್ಪಿರಿಟ್ಟು ಮತ್ತೆ ನಿಂಬೆ, ಕಿತ್ತಳೆ ಜಾತಿಯ ಹಗುರ ಎಣ್ಣೆಗಳು. ಅವು ಹತ್ತು ಹದಿನೈದು ನಿಮಿಷಕ್ಕೆ ಹಾರಿ ಹೋಗ್ತವೆ. ಆಮೇಲೆ ಮಲ್ಲಿಗೆ, ಸುಗಂಧರಾಜ ಬಾಯಿ ಬಿಡ್ತವೆ, ಒಂದೆರಡು ತಾಸು ಇರ್ತವೆ. ವೆನಿಲ್ಲಾ, ಗಂಧ ಇವೆಲ್ಲಾ ನಿಧಾನಕ್ಕೆ ಆರೋ ವಸ್ತು. ಮೈ ಬಿಸಿಗೆ ಮೆಲ್ಲಗೆ ಮೇಲೆದ್ದು ಸಾಯಂಕಾಲದವರೆಗೂ ನಿಲ್ತವೆ. ಅಂಗಡಿಯೋನು ನಮಗೆ ಮಾರೋದು ಮೊದಲ ಹತ್ತು ನಿಮಿಷ. ನಾವು ಬಾಳ್ವೆ ಮಾಡಬೇಕಾದ್ದು ಉಳಿದ ಐದಾರು ತಾಸಿನ ಜೊತೆ.

ಹಂಗಾಗಿ ತುಮಕೂರಿಗೆ ಹೋದಾಗ ಮಣಿಕಟ್ಟಿಗೆ ಒಂದೇ ಒಂದು ಸಲ ಹಾಕಿಸ್ಕಳಿ. ತಗಳ್ದೆ ಬಸ್ ಹತ್ತಿ. ಗುಬ್ಬಿ ದಾಟಿದ ಮೇಲೆ ಒಂದ್ಸಲ ಮೂಸಿ, ಹಾಗಲವಾಡೀಲಿ ಇಳಿದು ಮನೆ ಕೆಲಸ ಎಲ್ಲಾ ಮುಗಿಸಿ ಮತ್ತೊಂದ್ಸಲ ಮೂಸಿ. ಆಗಲೂ ಹಿತವಾಗಿದ್ರೆ ಮುಂದಿನ ಸಲ ಹೋದಾಗ ತಗಳಿ. ಒಂದೇ ದಿನ ನಾಲ್ಕು ಬಾಟ್ಲಿ ಮೂಸಿದ್ರೆ ಮೂಗು ಸೋತು ಎಲ್ಲಾ ಒಂದೇ ಥರ ಅನ್ನಿಸ್ತೈತೆ.

ಅಕ್ಕನಿಗೆ ಹಿಡಿಸಿದ್ದು ತಂಗಿಗೆ ಹಿಡಿಸಬೇಕು ಅಂತೇನಿಲ್ಲ. ಒಣ ಚರ್ಮಕ್ಕೆ ಸೆಂಟು ಬೇಗ ಆರ್ತೈತೆ, ಎಣ್ಣೆ ಚರ್ಮದ ಮೇಲೆ ಜಾಸ್ತಿ ಹೊತ್ತು ನಿಲ್ತೈತೆ. ಒಣ ಮೈಯೋರು ಮೊದಲು ಚೂರು ವ್ಯಾಸಲೀನ್ ಸವರಿ ಅದರ ಮೇಲೆ ಹಾಕ್ಕಳಿ. ರೇಷ್ಮೆ ಸೀರೆ, ಜರಿ ಮೇಲೆ ಮಾತ್ರ ಬ್ಯಾಡ, ಕಲೆ ಕೂರ್ತೈತೆ. ಸ್ಪಿರಿಟ್ಟು ಇರೋದ್ರಿಂದ ದೀಪದ ಮುಂದೆ, ಒಲೆ ಹತ್ರ ಹೊಡ್ಕಬ್ಯಾಡಿ. ಅರ್ಧ ತಾಸಾದ ಮೇಲೆ ನಿಮಗೇ ವಾಸನೆ ಬರ್ತಿಲ್ಲ ಅಂತ ಮತ್ತೆ ಮತ್ತೆ ಸುರ್ಕಳೋದೂ ಬ್ಯಾಡ. ನಿಮ್ಮ ಮೂಗು ಅದಕ್ಕೆ ಒಗ್ಗಿರ್ತೈತೆ, ಪಕ್ಕದಲ್ಲಿ ಕೂತೋರಿಗೆ ತಲೆನೋವು ಬರ್ತೈತೆ.

ಕೆಲವರು ಇದೆಲ್ಲಾ ಪರದೇಶದ ಶೋಕಿ ಅಂತಾರೆ. ನಾನು ಒಪ್ಪಲ್ಲ. ವೆನಿಲ್ಲಾ ಹುಟ್ಟಿದ್ದು ಮೆಕ್ಸಿಕೋ ಕಡೆ, ನಿಜ. ಆದ್ರೆ ನಮ್ಮ ಮಲೆನಾಡು, ಕರಾವಳಿ ಅಡಿಕೆ ತೋಟಗಳಲ್ಲಿ ಅದರ ಬಳ್ಳಿ ಹಬ್ಬಿಸಿದ್ದು ಎಲ್ಲರಿಗೂ ಗೊತ್ತು. 2003ರ ಸುಮಾರಿಗೆ ಹಸಿ ಕಾಯಿ ಕೆಜಿಗೆ 3 ಸಾವಿರ ರೂಪಾಯಿ ದಾಟಿತ್ತು, ಆಮೇಲೆ ಬೆಲೆ ಪಾತಾಳಕ್ಕೆ ಬಿದ್ದು ಎಷ್ಟೋ ಜನ ಬಳ್ಳಿ ಕಿತ್ತು ಹಾಕಿದ್ರು. ಆ ಹೂವು ಅರಳಿರೋದು ಒಂದೇ ದಿನ, ಅಷ್ಟ್ರೊಳಗೆ ಒಂದೊಂದು ಹೂವಿಗೂ ಕೈಯಾರೆ ಪರಾಗ ಮುಟ್ಟಿಸಬೇಕು. ಈ ಉಪಾಯ 1841ರಲ್ಲಿ ರಿಯೂನಿಯನ್ ದ್ವೀಪದಲ್ಲಿ ತೋರಿಸಿಕೊಟ್ಟಿದ್ದು ಎಡ್ಮಂಡ್ ಆಲ್ಬಿಯಸ್ ಅನ್ನೋ ಹನ್ನೆರಡು ವರ್ಷದ ಗುಲಾಮ ಹುಡುಗ. ಹಸಿ ಕಾಯಿಗೆ ಆ ಘಮ ಇರಲ್ಲ. ಬಿಸಿನೀರಲ್ಲಿ ಅದ್ದಿ, ಕಂಬಳೀಲಿ ಸುತ್ತಿ ಬೆವರಿಸಿ, ಬಿಸಿಲಿಗೆ ಹಾಕಿ, ತಿಂಗಳುಗಟ್ಟಲೆ ಕಾಯ್ದ ಮೇಲೆ ಬರ್ತೈತೆ. ಇಷ್ಟು ಕಷ್ಟ ಇರೋದ್ರಿಂದಲೇ ಅಗ್ಗದ ಬಾಟ್ಲೀಲಿ ಇರೋದು ಕಾರ್ಖಾನೇಲಿ ಮಾಡಿದ ವೆನಿಲಿನ್. ಅದನ್ನ 1874ರಲ್ಲೇ ಜರ್ಮನಿಯೋರು ತಯಾರಿಸಿದ್ರು. ಅದೇನು ಮೋಸ ಅಲ್ಲ, ಆದ್ರೆ ಅಪ್ಪಟ ವೆನಿಲ್ಲಾ ಅಂತ ಜಾಸ್ತಿ ದುಡ್ಡು ಕೇಳಿದ್ರೆ ಎರಡು ಸಲ ಯೋಚನೆ ಮಾಡಿ.

ಇನ್ನು ನಮ್ಮೂರ ಕಡೆ ಮುಡಿಯೋ ಕನಕಾಂಬರ ನೋಡಾಕೆ ಚೆಂದ, ಮೂಗಿಗೆ ಏನೂ ಇಲ್ಲ. ಅದಕ್ಕೇ ಮಧ್ಯೆ ಮಧ್ಯೆ ಮಲ್ಲಿಗೆ, ಮರುಗ ಸೇರಿಸಿ ಕಟ್ತೀವಿ. ಅಂದ್ರೆ ಕಣ್ಣಿಗೊಂದು ಮೂಗಿಗೊಂದು ಕೂಡಿಸೋ ವಿದ್ಯೆ ನಮಗೆ ಹೊಸದೇನಲ್ಲ.

ಹೂವು ಅಂದ ಮೇಲೆ ಒಂದು ಮಾತು ಹೇಳಲೇಬೇಕು. ಗಂಡ ತೀರ್ಕಂಡ ಮೇಲೆ ಹೆಂಗಸರಿಗೆ ಹೂವು ಬಿಡಿಸ್ತಾರೆ. ಅಂಥೋರು ಒಂದು ಚೂರು ಸೆಂಟು ಹಾಕ್ಕಂಡ್ರೂ "ಈ ವಯಸ್ಸಲ್ಲಿ ಯಾರಿಗೆ ತೋರ್ಸಾಕೆ?" ಅಂತ ಮಾತು ಬರ್ತೈತೆ. ಹಂಗೆ ಕೇಳೋರು ಹೆಚ್ಚಾಗಿ ಗಂಡಸರಲ್ಲ ಕಣ್ರೇ, ಜಗಲಿ ಮೇಲೆ ಕೂತ ನಾವೇ. ಆ ಪ್ರಶ್ನೆಗೆ ಸೆಂಟೇ ಉತ್ತರ ಕೊಡ್ತೈತೆ. ದೂರಕ್ಕೆ ಹೋಗೋ ವಾಸನೆ ಆರಿದ ಮೇಲೆ ಉಳಿಯೋ ವೆನಿಲ್ಲಾ ಮೈಗೆ ಅಂಟ್ಕಂಡಂಗೆ ಇರ್ತೈತೆ. ಅದು ಸಿಗೋದು ಹಾಕ್ಕಂಡೋಳಿಗೆ, ಇಲ್ಲಾ ತೊಡೆ ಮೇಲೆ ಮಲಗಿರೋ ಮೊಮ್ಮಗುವಿಗೆ. ಹಿಟ್ಟು ನಾದೋವಾಗ, ಕೈ ಒರೆಸ್ಕಳೋವಾಗ ಒಂದು ಗಳಿಗೆ ಮೂಗಿಗೆ ಬಂದು ಹೋಗ್ತೈತೆ. ಅದ್ರಲ್ಲಿ ಊರಿಗೆ ತೋರಿಸೋದು ಏನೈತೆ?

ಗಂಡ ಹೋದ್ರೂ ಮೂಗು ಹೋಗಿರಲ್ಲ, ಮನಸ್ಸೂ ಹೋಗಿರಲ್ಲ. ಈ ಸಲ ನಿಮ್ಮನೆ ಮದುವೇಲಿ ಎಲ್ಲಾರ ಕೈಗೂ ಸೆಂಟು ಹಚ್ಚೋವಾಗ ಮೂಲೇಲಿ ಸುಮ್ನೆ ಕೂತಿರೋ ದೊಡ್ಡಮ್ಮನ್ನೋ ಅತ್ತಿಗೇನೋ ದಾಟಿ ಹೋಗಬ್ಯಾಡಿ. ಕೈ ಚಾಚು ಅನ್ನಿ. ಅವರು ಬ್ಯಾಡ ಅಂದ್ರೆ ಬಿಡಿ, ಆದ್ರೆ ಬೇಕೋ ಬ್ಯಾಡವೋ ಅಂತ ಹೇಳೋರು ಅವರೇ ಆಗಿರಲಿ.